ಕುದಿಸುವ ಮನೆ, ಬೆರೆಸುವ ಮನೆ

ಬಹಳ ದಿನದಿಂದ ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ಧಾರವಾಡ ಕಡೆಯ ನಮ್ಮ ಮನೆಗೂ, ಮೈಸೂರಿನ ನನ್ನ ಹೆಂಡತಿಯ ತವರಿಗೂ ಬರುವುದು ಒಂದೇ ಚಹಾಪುಡಿ. ಹಾಲು ಎರಡೂ ಕಡೆ ನಂದಿನಿಯ ನೀಲಿ ಪ್ಯಾಕೆಟ್. ಸಕ್ಕರೆ ಎಲ್ಲಿ ಕೊಂಡರೂ ಸಕ್ಕರೆಯೇ. ಆದರೂ ಎರಡೂ ಮನೆಯಲ್ಲಿ ಕುಡಿದವರಿಗೆ ಇದು ಒಂದೇ ಪುಡಿಯ ಚಹಾ ಅಂದರೆ ನಂಬುವುದಿಲ್ಲ. ನಮ್ಮ ಮನೆಯದು ದಪ್ಪ, ಕಂದು, ಕುಡಿದ ಮೇಲೂ ಸ್ವಲ್ಪ ಹೊತ್ತು ನಾಲಿಗೆ ಮೇಲೆ ಕೂತಿರುತ್ತದೆ. ಅತ್ತೆ ಮನೆಯದು ಹಗುರ. ಬಣ್ಣ ಕೇಸರಿ ಕಡೆಗೆ ತಿರುಗಿದ್ದು. ಲೋಟ ಮೂಗಿನ ಹತ್ತಿರ ಬಂದಾಗಲೇ ಪುಡಿಯ ಘಮ ಗೊತ್ತಾಗುತ್ತದೆ.

ಯಾಕೆ ಹೀಗೆ ಅಂತ ಕೇಳಿದರೆ ಎಲ್ಲರೂ "ಕೈಗುಣ" ಅಂದುಬಿಡುತ್ತಾರೆ. ಕೈಗುಣ ಅಂದರೆ ಮುಗಿಯಿತು, ಮುಂದೆ ಮಾತಿಲ್ಲ. ನನಗೆ ಆ ಉತ್ತರ ಸಾಲದು. ನಮ್ಮ ಅವ್ವ ಒಮ್ಮೆ ಮೈಸೂರಿಗೆ ಬಂದಾಗ ಅತ್ತೆಯ ಅಡುಗೆಮನೆಯಲ್ಲಿ, ಅತ್ತೆ ಹೇಳಿದ ಹಾಗೇ ಮಾಡಿದರು. ಬಂದದ್ದು ಅತ್ತೆಯ ಟೀ. ಅವ್ವನ ಕೈಗುಣ ಎಲ್ಲಿ ಹೋಯಿತು ಹಾಗಾದರೆ? ನೋಡುತ್ತಾ ನೋಡುತ್ತಾ ನನಗೆ ಅನಿಸಿದ್ದು ಇಷ್ಟು. ಚಹಾ ಹೇಗೆ ಮಾಡಬೇಕು ಅನ್ನೋದನ್ನು ನಮ್ಮ ಮನೆಗಳಲ್ಲಿ ತೀರ್ಮಾನ ಮಾಡಿದ್ದು ಬಂದವರಿಗೆ ಕೊಡುವ ರೀತಿ. ಎಷ್ಟು ಜನಕ್ಕೆ ಕೊಡಬೇಕು, ಅವರನ್ನು ಕೇಳಿ ಕೊಡೋದಾ, ಕೇಳದೆ ಕೊಡೋದಾ. ರುಚಿ ಅದರ ಬೆನ್ನ ಹಿಂದೆ ಬಂತು.

ಅವ್ವನ ಬೋಗುಣಿ

ಅಕ್ಕನ ಸಂಬಂಧ ಮಾತಾಡಲು ಜನ ಬಂದಿದ್ದ ದಿನ ನನಗೆ ಚೆನ್ನಾಗಿ ನೆನಪಿದೆ. ಬೇಸಿಗೆ. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ನನ್ನ ಕೆಲಸ ಹೊರಗೆ ಎಷ್ಟು ಜನ ಕೂತಿದ್ದಾರೆ ಅಂತ ಎಣಿಸಿ ಒಳಗೆ ಹೇಳುವುದು. ಆರು ಜನ ಅಂದೆ. ಅವ್ವ ಪಂಪ್ ಸ್ಟೋವ್ ಮೇಲೆ ಬೋಗುಣಿ ಇಟ್ಟು ನೀರು, ಜಜ್ಜಿದ ಶುಂಠಿ, ಸಕ್ಕರೆ ಹಾಕಿದರು. ನೀರು ಮರಳಿತು. ಪುಡಿ ಬಿತ್ತು. ಹಾಲು ಹಾಕುವ ಹೊತ್ತಿಗೆ ಹೊರಗೆ ಮತ್ತೆ ಚಪ್ಪಲಿ ಬಿಡುವ ಸದ್ದು. "ಅವ್ವಾ, ಇನ್ನೂ ಇಬ್ರು ಬಂದ್ರು." ಅವ್ವ ತಿರುಗಿಯೂ ನೋಡಲಿಲ್ಲ. "ಬರ್ಲಿ ಬಿಡು. ಒಂದು ವಾಟಗಾ ನೀರು ಹಾಕಿದ್ರ ಆತು." ನೀರು ಹಾಕಿದರು. ಅದರ ಹಿಂದೆ ಅರ್ಧ ಚಮಚ ಪುಡಿ, ಒಂದು ಮುಷ್ಟಿ ಸಕ್ಕರೆ. ಮತ್ತೆ ಕುದಿ ಬಂತು. ಹಾಲು ಇದ್ದದ್ದು ಅಷ್ಟೇ, ಅದನ್ನು ಹೆಚ್ಚು ಮಾಡಲು ಸಾಧ್ಯವಿರಲಿಲ್ಲ. ಹಾಗಾಗಿ ಇನ್ನೂ ಸ್ವಲ್ಪ ಹೊತ್ತು ಕುದಿಸಿದರು. ಕಪ್ಪು-ಬಸಿಗಳಲ್ಲಿ ಸುರಿದು ಕಳಿಸಿದರು. ಕಾಕಾ ತಮ್ಮ ಕಪ್ಪಿನ ಅರ್ಧವನ್ನು ಬಸಿಗೆ ಹಾಕಿ, ಜೀಪಿನ ಡ್ರೈವರ್‌ಗೆ ಕಪ್ಪು ಕೊಟ್ಟು, ತಾವು ಬಸಿಯಲ್ಲಿ ಕುಡಿದರು. ಬಂದವರಲ್ಲಿ ಹಿರಿಯರೊಬ್ಬರು "ಚಾ ಛಲೋ ಆಗೇತ್ರಿ" ಅಂದರು. ಯಾರೂ ಯಾರಿಗೂ ಸಕ್ಕರೆ ಎಷ್ಟು ಬೇಕು ಅಂತ ಕೇಳಿರಲಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲ.

ಈಗ ಯೋಚಿಸಿದರೆ ಆ ಬೋಗುಣಿಯ ಜಾಣತನ ಕಾಣುತ್ತದೆ. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದರೆ ಕೊನೆಯ ಕ್ಷಣದವರೆಗೂ ಲೆಕ್ಕ ಬದಲಿಸಬಹುದು. ಹಾಲು ಕಡಿಮೆ ಬಿದ್ದರೆ ಕುದಿ ಹೆಚ್ಚು ಮಾಡಿ ದಪ್ಪ ತರಬಹುದು. ಪುಡಿ ಹಗುರವಾದರೆ ಶುಂಠಿ ಮುಂದೆ ಬರುತ್ತದೆ. ಮಾಲಕನಿಗೂ ಡ್ರೈವರ್‌ಗೂ ಹೋಗುವುದು ಅದೇ ಚಹಾ. ಉತ್ತರ ಕರ್ನಾಟಕದ ಚಾದಂಗಡಿಗಳಲ್ಲಿ ನಡೆಯುವುದೂ ಹೀಗೆಯೇ. ಮುಂದೆ ಮಿರ್ಚಿ ಭಜಿ, ಹಿಂದೆ ಕುದಿಯುವ ಪಾತ್ರೆ. ಗಿರಾಕಿ ಬಂದ ಹಾಗೆ ಹಾಲು, ನೀರು, ಪುಡಿ ಸೇರುತ್ತಾ ಹೋಗುತ್ತದೆ. ನಮ್ಮ ಕಡೆ ಹಿಂದೆ, 1956ಕ್ಕೂ ಮೊದಲು, ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಸಾಂಗ್ಲಿ, ಸೊಲ್ಲಾಪುರ, ಪುಣೆ ಜೊತೆ ವ್ಯಾಪಾರ, ಬೀಗತನ ಎಲ್ಲ ಇತ್ತು. ಕುದಿಸುವ ಚಹಾ ನಮ್ಮಲ್ಲಿಗೆ ಬಂದದ್ದು ಆ ದಾರಿಯಲ್ಲೇ ಇರಬೇಕು.

ಅತ್ತೆಯ ಚಮಚ

ಮದುವೆಯಾದ ಮೇಲೆ ಮೊದಲ ಸಲ ಮೈಸೂರಿಗೆ ಹೋದಾಗ ನಡೆದದ್ದು ಇನ್ನೊಂದು. ಅದು ಕಾಫಿ ಮನೆ. ಹಿತ್ತಾಳೆ ಫಿಲ್ಟರಿನಲ್ಲಿ ಬೆಳಗಿನ ಜಾವವೇ ಡಿಕಾಕ್ಷನ್ ಇಳಿದಿರುತ್ತದೆ. ಅಳಿಯ ಟೀ ಕುಡಿಯುವವನು ಅಂತ ನನಗಾಗಿ ಪುಡಿ ತರಿಸಿದ್ದರು. ಅತ್ತೆ ನೀರು ಕುದಿಸಿದರು, ಒಲೆ ಆರಿಸಿದರು, ಪುಡಿ ಹಾಕಿ ತಟ್ಟೆ ಮುಚ್ಚಿದರು. ಪಕ್ಕದ ಒಲೆಯಲ್ಲಿ ಹಾಲು ಬೇರೆಯಾಗಿ ಕಾಯುತ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ತಟ್ಟೆ ತೆಗೆದು, ಸೋಸಿ, ಲೋಟಕ್ಕೆ ಅರ್ಧ ಸುರಿದರು. ಆಮೇಲೆ ಚಮಚ ಎತ್ತಿ ಹಿಡಿದು ಕೇಳಿದರು, "ಸಕ್ಕರೆ ಎಷ್ಟು ಹಾಕಲಿ ನಿಮಗೆ?" ಅಷ್ಟು ವರ್ಷದಲ್ಲಿ ಯಾರೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ. "ಎಷ್ಟಾದ್ರೂ ನಡೀತದ್ರಿ" ಅಂದೆ. ನಮ್ಮಲ್ಲಿ ಅದು ಮರ್ಯಾದೆಯ ಉತ್ತರ. ಅಲ್ಲಿ ಅದು ಉತ್ತರವೇ ಅಲ್ಲ. ಚಮಚ ಹಾಗೇ ಗಾಳಿಯಲ್ಲಿ ನಿಂತಿತು. "ಸ್ಟ್ರಾಂಗ್ ಇರಲೋ, ಲೈಟೋ?" ಅಂತ ಎರಡನೇ ಪ್ರಶ್ನೆ. ಕೊನೆಗೆ ನನ್ನ ಹೆಂಡತಿ ಒಳಗಿನಿಂದ "ಎರಡು ಹಾಕಮ್ಮ, ಸ್ಟ್ರಾಂಗೇ ಇರಲಿ" ಅಂತ ಕೂಗಿ ನನ್ನನ್ನು ಪಾರು ಮಾಡಿದಳು.

ಆ ಮನೆಯಲ್ಲಿ ಟೀ ಮಾಡುವ ರೀತಿ ಪೂರ್ತಿ ಕಾಫಿಯದ್ದು. ಡಿಕಾಕ್ಷನ್ ಬೇರೆ, ಹಾಲು ಬೇರೆ, ಸಕ್ಕರೆ ಬೇರೆ. ಮೂರೂ ಸೇರುವುದು ಕುಡಿಯುವವನ ಲೋಟದಲ್ಲಿ, ಅವನು ಹೇಳಿದ ಅಳತೆಯಲ್ಲಿ. ಮಾವನವರಿಗೆ ಸಕ್ಕರೆ ಕಡಿಮೆ, ಭಾವಮೈದುನನಿಗೆ ಹಾಲು ಜಾಸ್ತಿ, ಅಜ್ಜಿಗೆ ಬರೀ ಬಣ್ಣ ಬಂದರೆ ಸಾಕು. ಎಲ್ಲ ಅತ್ತೆಗೆ ಬಾಯಿಪಾಠ. ಹಳೇ ಮೈಸೂರಿನ ಎಷ್ಟೋ ಹೋಟೆಲುಗಳಲ್ಲೂ ಇದೇ ಕ್ರಮ. ಬಟ್ಟೆ ಚೀಲದಲ್ಲಿ ಡಸ್ಟ್ ಪುಡಿ, ಒಂದು ಕಡೆ ಕಡು ಡಿಕಾಕ್ಷನ್, ಇನ್ನೊಂದು ಕಡೆ ಹಾಲಿನ ಪಾತ್ರೆ. ಉಡುಪಿ, ಮಂಗಳೂರು ಕಡೆ ಸಿಗುವ ಕೇಟಿ ಅನ್ನುವ ಟೀಯಲ್ಲಂತೂ ಗಾಜಿನ ಲೋಟದಲ್ಲಿ ಹಾಲು, ಡಿಕಾಕ್ಷನ್ ಬೇರೆ ಬೇರೆ ಪದರವಾಗಿಯೇ ನಿಂತಿರುತ್ತದೆ. ಕಲಸುವ ಕೆಲಸ ಕುಡಿಯುವವನದ್ದು.

(ಡಸ್ಟ್ ಅಂದರೆ ಕಾರ್ಖಾನೆಯ ಕಸ ಗುಡಿಸಿದ್ದು ಅಂತ ನಂಬಿದವರು ಇನ್ನೂ ಇದ್ದಾರೆ. ಹಾಗೇನಿಲ್ಲ. ಜರಡಿ ಹಿಡಿದಾಗ ಬರುವ ಅತಿ ಸಣ್ಣ ಗಾತ್ರಕ್ಕೆ ಆ ಹೆಸರು. ಸಣ್ಣದಾದ್ದರಿಂದ ಬಣ್ಣ, ಕಡುಪು ಬೇಗ ಬಿಡುತ್ತದೆ. ಹೋಟೆಲಿನವರಿಗೆ ಬೇಕಾಗಿದ್ದೂ ಅದೇ.)

ಕಾಫಿ ಬೆಳೆಯುವ ರಾಜ್ಯ ನಮ್ಮದು. ದೇಶದ ಕಾಫಿಯಲ್ಲಿ ಸುಮಾರು 70% ಇಲ್ಲಿಯದೇ. ಚಹಾ ತೋಟ ಅಂತ ಇರುವುದು ಚಿಕ್ಕಮಗಳೂರಿನ ಕೆಳಗೂರಿನಂಥ ಕೆಲವೇ ಕೆಲವು. ಹೀಗಿರುವಾಗ ಮೈಸೂರು ಸೀಮೆಯ ಅಡುಗೆಮನೆಗೆ ಚಹಾ ಬಂದಾಗ ಅಲ್ಲಿ ಆಗಲೇ ಕಾಫಿಯ ಪಾತ್ರೆ, ಕಾಫಿಯ ಅಭ್ಯಾಸ, ಕಾಫಿಯ ಮರ್ಯಾದೆ ಕೂತಿತ್ತು. ಟೀ ಅದಕ್ಕೆ ಹೊಂದಿಕೊಂಡಿತು. ನಮ್ಮ ಅವ್ವನ ಮನೆಯಲ್ಲಿ ಹಾಗೆ ಹೊಂದಿಕೊಳ್ಳಲು ಮೊದಲೇ ಯಾವುದೂ ಇರಲಿಲ್ಲ.

ಕುದಿಸಬಾರದು ಅಂದವರು

ಇದರಲ್ಲಿ ಒಂದು ತಮಾಷೆ ಇದೆ. 1903ರಲ್ಲಿ ಬ್ರಿಟಿಷ್ ಸರ್ಕಾರ ರಫ್ತಾಗುವ ಚಹಾದ ಮೇಲೆ ಸೆಸ್ ಹಾಕಿ, ಆ ಹಣವನ್ನು ಚಹಾ ಪ್ರಚಾರಕ್ಕೆ ಇಟ್ಟಿತು. ಮುಂದೆ 1930ರ ದಶಕದಲ್ಲಿ ಈ ದೇಶದವರಿಗೇ ಚಹಾ ಕುಡಿಸುವ ಕೆಲಸ ಜೋರಾಗಿ ನಡೆಯಿತು. ರೈಲ್ವೆ ಸ್ಟೇಷನ್ನುಗಳಲ್ಲಿ ದೇಶಭಾಷೆಗಳ ಫಲಕ. ಊರೂರಿಗೆ ಹೋಗಿ ಮಾಡಿ ತೋರಿಸುವವರು. ಅವರು ಹೇಳಿಕೊಟ್ಟ ಕ್ರಮ ಹೀಗಿತ್ತು: ಟೀ ಪಾಟ್ ಬಿಸಿ ಮಾಡಿಕೊಳ್ಳಿ, ಪುಡಿ ಹಾಕಿ, ಕುದಿಯುವ ನೀರು ಸುರಿಯಿರಿ, ಐದು ನಿಮಿಷ ಬಿಡಿ, ಕೊನೆಗೆ ಹಾಲು ಸಕ್ಕರೆ ಬೆರೆಸಿ. ನಮ್ಮ ಜನ ಕುಡಿಯೋದನ್ನು ಕಲಿತರು, ಕ್ರಮವನ್ನು ಅಲ್ಲೇ ಬಿಟ್ಟರು. ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿದರು. ಹಾಲು ಸಕ್ಕರೆ ಜಾಸ್ತಿ, ಮೇಲೆ ಮಸಾಲೆ, ಪುಡಿ ಕಡಿಮೆ. ಚಹಾ ಮಾರಲು ಬಂದವರಿಗೆ ಇದು ಹಿಡಿಸಲಿಲ್ಲ. ಪುಡಿ ಕಡಿಮೆ ಖರ್ಚಾದರೆ ಅವರಿಗೇನು ಲಾಭ?

ಹಾಗೆ ನೋಡಿದರೆ ಅತ್ತೆ ಮಾಡುವುದು ಆ ಫಲಕದ ಚಹಾಕ್ಕೆ ಬಹಳ ಹತ್ತಿರ. ಆದರೆ ಅವರು ಅದನ್ನು ಕಲಿತದ್ದು ಯಾವ ಫಲಕದಿಂದಲೂ ಅಲ್ಲ, ತಮ್ಮ ಕಾಫಿ ಫಿಲ್ಟರಿನಿಂದ.

ಆಮೇಲೆ ಬಂದ ಪುಡಿ ಕುದಿಸುವವರ ಪರವಾಗಿ ನಿಂತಿತು. ಈಗ ನಮ್ಮ ಮನೆಗಳಿಗೆ ಬರುವುದು ಹೆಚ್ಚಾಗಿ ಸಿಟಿಸಿ (ಕ್ರಷ್, ಟೇರ್, ಕರ್ಲ್) ಚಹಾ. ಗುಂಡು ಗುಂಡಾದ ಕಾಳು. 1930ರಲ್ಲಿ ಅಸ್ಸಾಮಿನ ಆಮ್ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ಅನ್ನುವವರ ಉಸ್ತುವಾರಿಯಲ್ಲಿ ಇದರ ಯಂತ್ರ ಶುರುವಾಯಿತು. ಹಲ್ಲುಗಳಿರುವ ಎರಡು ರೋಲರ್, ಒಂದು ಜೋರಾಗಿ, ಒಂದು ನಿಧಾನವಾಗಿ ತಿರುಗುತ್ತವೆ. ನಡುವೆ ಸಿಕ್ಕ ಎಲೆ ಜಜ್ಜಿ, ಹರಿದು, ಸುರುಳಿಯಾಗಿ ಹೊರಬರುತ್ತದೆ. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಇದು ಎಲ್ಲ ಕಡೆ ಹರಡಿತು. ಉದ್ದ ಎಲೆಯ ಚಹಾವನ್ನು ಐದು ನಿಮಿಷ ಕುದಿಸಿದರೆ ಘಮವೆಲ್ಲ ಹಾರಿ ಒಗರು ಉಳಿಯುತ್ತದೆ. ಸಿಟಿಸಿ ಕಾಳಿಗೆ ಹಾರಿಹೋಗುವಂಥ ನಾಜೂಕು ಘಮವೇ ಕಡಿಮೆ. ಅದರಲ್ಲಿ ಇರುವುದು ಬಣ್ಣ, ಕಡುಪು, ಖಡಕ್ಕು. ಕುದಿಸಿದರೆ ಅದು ಇನ್ನೂ ಚೆನ್ನಾಗಿ ಹೊರಗೆ ಬರುತ್ತದೆ, ಜೊತೆಗೆ ಬರುವ ಒಗರನ್ನು ಹಿಡಿದು ಕೂರಿಸಲು ಹಾಲು ಬೇಕು. ಚಹಾದ ಒಗರಿನ ಅಂಶಗಳು ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಹಾಗಾಗಿಯೇ ಹಾಲು ಬಿದ್ದ ಮೇಲೆ ನಾಲ್ಕು ನಿಮಿಷ ಕುದಿಸಿದರೂ ಬಾಯಿ ಒಗರಾಗುವುದಿಲ್ಲ. ಬರೀ ನೀರಲ್ಲಿ ಅಷ್ಟು ಕುದಿಸಿ ನೋಡಿ, ಗೊತ್ತಾಗುತ್ತೆ.

ಮೊದಲು ಹಾಲೋ ನೀರೋ ಅನ್ನೋ ಜಗಳ ಎಲ್ಲ ಮನೆಯಲ್ಲೂ ಇದೆ ಅಲ್ವಾ? ನನ್ನ ಮತ ನೀರಿಗೆ. ಪುಡಿ ನೀರಿನಲ್ಲಿ ಬಿಡುವಷ್ಟು ಸಲೀಸಾಗಿ ಹಾಲಿನಲ್ಲಿ ಬಿಡುವುದಿಲ್ಲ. ನೇರ ಹಾಲಿಗೆ ಹಾಕಿದರೆ ಪುಡಿ ಜಾಸ್ತಿ ಬೇಕು, ಹೊತ್ತು ಜಾಸ್ತಿ ಬೇಕು. ಪೂರಾ ಹಾಲಿನ ಚಹಾ ಅಂತ ಹೆಮ್ಮೆಯಿಂದ ಕೊಡುವವರಿದ್ದಾರೆ. ನನಗೆ ಅದು ಬಣ್ಣ ಹಾಕಿದ ಹಾಲು ಅನಿಸುತ್ತದೆ, ಅಷ್ಟೇ.

ಶುಂಠಿ ಇದ್ದರಂತೂ ನೀರು ಮೊದಲು ಇರಲೇಬೇಕು. ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಮುರಿಯುವ ಒಂದು ಕಿಣ್ವ ಇದೆ. 60 ಡಿಗ್ರಿ ಆಸುಪಾಸಿನ ಹಾಲು ಅದಕ್ಕೆ ಹೇಳಿ ಮಾಡಿಸಿದ್ದು. ತಣ್ಣನೆ ಹಾಲಿಗೆ ಶುಂಠಿ ಹಾಕಿ ನಿಧಾನಕ್ಕೆ ಕಾಯಿಸಿದರೆ ಹಾಲು ಒಡೆಯೋದು ಇದರಿಂದ. ಪಾಪ, ಬೈಗುಳ ಹಾಲಿನವನಿಗೆ. ಚೀನಾದ ಗ್ವಾಂಗ್‌ಡಾಂಗ್ ಕಡೆ ಇದೇ ಗುಣವನ್ನು ಬಳಸಿಕೊಂಡು, ಶುಂಠಿ ರಸದ ಮೇಲೆ ಬಿಸಿ ಹಾಲು ಸುರಿದು ನಮ್ಮ ಗಿಣ್ಣಿನ ಹಾಗೆ ಗಟ್ಟಿಯಾಗುವ ಸಿಹಿ ಮಾಡುತ್ತಾರೆ. ಚಹಾದಲ್ಲಿ ಅದು ಬೇಡ. ಜಜ್ಜಿದ ಶುಂಠಿ ನೀರಲ್ಲಿ ಎರಡು ಮೂರು ನಿಮಿಷ ಚೆನ್ನಾಗಿ ಕುದ್ದರೆ ಕಿಣ್ವ ಸತ್ತುಹೋಗುತ್ತದೆ, ಖಾರ ಉಳಿಯುತ್ತದೆ. ಅವ್ವನಿಗೆ ಕಿಣ್ವದ ಮಾತು ಗೊತ್ತಿಲ್ಲ. ಶುಂಠಿ ಯಾವಾಗ ಹಾಕಬೇಕು ಅಂತ ಗೊತ್ತಿದೆ. ಬೆಲ್ಲದ ಚಹಾಕ್ಕೂ ಇಂಥದೇ ಒಂದು ಎಚ್ಚರ. ಬೆಲ್ಲವನ್ನು ಕುದಿಯುವ ಹಾಲಿನ ಚಹಾಕ್ಕೆ ಹಾಕಿದರೆ ಒಡೆಯುವ ಸಂಭವ ಹೆಚ್ಚು. ಒಲೆ ಆರಿಸಿ, ಒಂದು ನಿಮಿಷ ಬಿಟ್ಟು ಕರಗಿಸಬೇಕು.

ಒಬ್ಬರಿಗೆ ಮಾಡುವುದೇ ಕಷ್ಟ

ಅಕ್ಕನ ಆ ಸಂಬಂಧ ಕುದುರಿತು. ಅಕ್ಕನ ಮಗಳು ಈಗ ಮ್ಯೂನಿಕ್‌ನಲ್ಲಿ ಓದುತ್ತಿದ್ದಾಳೆ. ಈ ಚಳಿಗಾಲದಲ್ಲಿ ಅವಳ ಫೋನು. "ಮಾಮಾ, ನಮ್ಮನಿ ಚಾ ಮಾಡೂದು ಹೇಳ್ರಿ. ಅಮ್ಮನ್ನ ಕೇಳಿದ್ರ ಎಲ್ಲಾ ಅಂದಾಜಿಲೆ ಹಾಕು ಅಂತಾಳ. ನನಗ ಅಳತಿ ಬೇಕು." ಅವಳ ದೂರು ಏನಂದರೆ ಅಲ್ಲಿಯ ಹಾಲು ನೀರು ನೀರು, ಚಹಾ ಎಷ್ಟು ಮಾಡಿದರೂ ಸಪ್ಪೆ. ಹಾಲಿನ ಮೇಲೆ ಹಾಕಿದ ಈ ಆರೋಪ ನಿಲ್ಲುವುದಿಲ್ಲ. ನಮ್ಮ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು 3%. ಜರ್ಮನಿಯ ಪೂರ್ಣ ಹಾಲಿನಲ್ಲಿ 3.5%. ಅವಳ ಹಾಲೇ ಒಂದು ಕೈ ಮೇಲು. ಅವಳು ಮಾಡುತ್ತಿದ್ದದ್ದು ಕೇಳಿದಾಗ ಕಾರಣ ಬೇರೆ ಕಂಡಿತು. ಒಂದೇ ಕಪ್ಪು ಮಾಡುತ್ತಿದ್ದಳು. ಅದೂ ದೊಡ್ಡ ಅಗಲ ಪಾತ್ರೆಯಲ್ಲಿ, ಟೀ ಬ್ಯಾಗಿನಲ್ಲಿ.

ಕುದಿಸುವ ಚಹಾದ ಗುಟ್ಟು ಇಲ್ಲೇ ಇರೋದು. ಅದು ಗುಂಪಿಗೆ ಹುಟ್ಟಿದ ಚಹಾ. ಪಾತ್ರೆಯಲ್ಲಿ ಎಂಟು ಕಪ್ಪು ಇರಲಿ, ಒಂದು ಕಪ್ಪು ಇರಲಿ, ಐದಾರು ನಿಮಿಷದ ಕುದಿಯಲ್ಲಿ ಆವಿಯಾಗಿ ಹೋಗುವ ನೀರು ಹೆಚ್ಚು ಕಡಿಮೆ ಅಷ್ಟೇ. ಎಂಟು ಕಪ್ಪಿನಲ್ಲಿ ಅರ್ಧ ಕಪ್ಪು ಹೋದರೆ ಚಹಾ ಹದಕ್ಕೆ ಬಂತು ಅನ್ನುತ್ತೇವೆ. ಒಂದರಲ್ಲಿ ಅರ್ಧ ಹೋದರೆ ಉಳಿಯೋದೇನು? ಹಾಗಾಗಿ ಒಬ್ಬರೇ ಇರುವವರು ಹೆದರಿ ಬೇಗ ಇಳಿಸುತ್ತಾರೆ. ಕುದಿ ಸಾಲದೆ ಸಪ್ಪೆಯಾಗುತ್ತದೆ. ಇಲ್ಲವೇ ಬಿಟ್ಟರೆ ಕಷಾಯವಾಗುತ್ತದೆ. ಅತ್ತೆಯ ಪದ್ಧತಿಯಲ್ಲಿ ಈ ತೊಂದರೆ ಇಲ್ಲ. ಬೆರೆಸುವ ಚಹಾ ಒಂದು ಲೋಟಕ್ಕೂ ಸರಿ, ಹತ್ತು ಲೋಟಕ್ಕೂ ಸರಿ.

ಅವಳಿಗೆ ನಾನು ಹೇಳಿದ್ದು, ಎರಡು ಕಪ್ಪಿಗಿಂತ ಕಡಿಮೆ ಮಾಡಬೇಡ. ರೂಮ್‌ಮೇಟ್‌ನ ಕರೆ, ಇಲ್ಲದಿದ್ದರೆ ಎರಡೂ ನೀನೇ ಕುಡಿ. ಸಣ್ಣ, ಎತ್ತರದ ಪಾತ್ರೆ ತಗೋ. ಒಂದೂವರೆ ಕಪ್ಪು ನೀರು, ಹೆಬ್ಬೆರಳ ತುದಿಯಷ್ಟು ಶುಂಠಿ ಜಜ್ಜಿ ಹಾಕು, ಎರಡು ಮೂರು ನಿಮಿಷ ಕುದಿಯಲಿ. ಎರಡು ಚಮಚ ತುಂಬ ಸಿಟಿಸಿ ಪುಡಿ, ಎರಡು ಮೂರು ಚಮಚ ಸಕ್ಕರೆ. ಬಣ್ಣ ಕಡುವಾದ ಮೇಲೆ ಒಂದು ಕಪ್ಪು ಹಾಲು, ಫ್ರಿಜ್ಜಿನಿಂದ ನೇರ ಬೇಡ, ಸ್ವಲ್ಪ ಬಿಸಿ ಇರಲಿ. ಆಮೇಲೆ ನಾಲ್ಕು ನಿಮಿಷ ಸಣ್ಣ ಉರಿ. ಅಲ್ಲಿ ಕರೆಂಟಿನ ಒಲೆ. ಸಣ್ಣ ಮಾಡಿದರೂ ಕಾವು ತಕ್ಷಣ ಇಳಿಯಲ್ಲ. ಹಾಲಿನ ಪ್ರೋಟೀನು, ಕೊಬ್ಬು ಸೇರಿ ಮೇಲೆ ಪದರ ಕಟ್ಟುತ್ತದೆ, ಕೆಳಗಿನ ಆವಿಗೆ ದಾರಿ ಸಿಗದೆ ಪದರವನ್ನೇ ಎತ್ತಿಕೊಂಡು ಉಕ್ಕುತ್ತದೆ. ಹಾಗಾಗಿ ಇಕ್ಕಳ ಕೈಯಲ್ಲೇ ಇರಲಿ, ಉಕ್ಕಿದಾಗ ಪಾತ್ರೆ ಎತ್ತು, ಇಳಿದಾಗ ಇಡು. ಚಾದಂಗಡಿಯವರು ಎತ್ತಿ ಇಳಿಸಿ ಮಾಡುವುದು ಬರೀ ಸ್ಟೈಲಿಗಲ್ಲ.

ಟೀ ಬ್ಯಾಗಿನ ಬಗ್ಗೆ ಒಂದೇ ಮಾತು. ಬೇರೆ ಗತಿ ಇಲ್ಲದಿದ್ದರೆ ಕತ್ತರಿಯಲ್ಲಿ ಕತ್ತರಿಸಿ ಪುಡಿ ಸುರಿದುಕೋ.

ಇನ್ನೊಂದು ಕಾರಣ ನೀರು. ಮ್ಯೂನಿಕ್ ನೀರು ಗಡಸು, ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ ಅಂತ ಅವಳೇ ಹೇಳಿದಳು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲೂ ಇದೇ ಕಥೆ. ಕಾವೇರಿ ನೀರು ಬಂದ ದಿನದ ಚಹಾ ಬೇರೆ, ಬೋರ್‌ವೆಲ್ ನೀರಿನ ಚಹಾ ಬೇರೆ. ಗಡಸು ನೀರಿನಲ್ಲಿ ಬಣ್ಣ ಕಪ್ಪಾಗಿ ಮಂಕಾಗುತ್ತದೆ, ಚುರುಕು ಹೋಗುತ್ತದೆ. ಪುಡಿ ಜಾಸ್ತಿ ಸುರಿದರೆ ಕಪ್ಪಾಗುತ್ತದೆಯೇ ಹೊರತು ಚುರುಕಾಗಲ್ಲ. ಫಿಲ್ಟರ್ ನೀರು ಬಳಸಿದರೆ ಆಯಿತು.

ಸಕ್ಕರೆ ಬೇರೆಯಾದ ಮೇಲೆ

ಬೋಗುಣಿಯ ಸಮಾನತೆಯನ್ನು ಕೊನೆಗೆ ಒಡೆದದ್ದು ಶುಗರ್. ಅವ್ವನಿಗೆ ಡಯಾಬಿಟಿಸ್ ಅಂತ ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಕ್ರಮ ಬದಲಾಯಿತು. ಈಗ ಸಕ್ಕರೆ ಇಲ್ಲದೆ ಕುದಿಸುತ್ತಾರೆ. ಅವ್ವನ ಕಪ್ಪು ಮೊದಲು ಸೋಸಿ ತೆಗೆಯುತ್ತಾರೆ. ಆಮೇಲೆ ಉಳಿದದ್ದಕ್ಕೆ ಸಕ್ಕರೆ ಹಾಕಿ ಮತ್ತೊಂದು ಕುದಿ. ಬಹಳ ಮನೆಗಳಲ್ಲಿ ಈಗ ಇದೇ ನಡೆಯುತ್ತಿದೆ ಅನ್ನೋದು ನನ್ನ ಅಂದಾಜು. ಅವ್ವನಿಗೆ ಸಕ್ಕರೆ ಹೋದದ್ದಕ್ಕಿಂತ ತನ್ನ ಕಪ್ಪು ಬೇರೆಯಾದದ್ದೇ ಹೆಚ್ಚು ಬೇಜಾರು. "ಎಲ್ಲಾರ್ಗೂ ಒಂದ, ನನಗ ಒಂದ" ಅಂತಾರೆ. ನೂರು ಡಿಗ್ರಿಯಲ್ಲಿ ಸಕ್ಕರೆ ಕರಗುತ್ತದೆ, ಕೆಂಪಾಗುವುದಿಲ್ಲ. ಕುದಿಸಿ ಹಾಕಿದರೂ ಮೇಲೆ ಹಾಕಿದರೂ ರುಚಿಯಲ್ಲಿ ದೊಡ್ಡ ವ್ಯತ್ಯಾಸ ಆಗಬಾರದು. ಇದನ್ನು ಅವ್ವನಿಗೆ ಹೇಳಿ ಪ್ರಯೋಜನವಿಲ್ಲ. ಅವರು ಮಾತಾಡುತ್ತಿರುವುದು ರುಚಿಯ ಬಗ್ಗೆ ಅಲ್ಲವೇ ಅಲ್ಲ.

ಮೈಸೂರಿನಲ್ಲಿ ಮಾವನವರಿಗೂ ಶುಗರ್ ಬಂತು. ಅಲ್ಲಿ ಏನೂ ಬದಲಾಗಲಿಲ್ಲ. ಅವರ ಲೋಟಕ್ಕೆ ಚಮಚ ಹೋಗುವುದು ನಿಂತಿತು, ಅಷ್ಟೇ. ಪ್ರತಿಯೊಬ್ಬರನ್ನೂ ಕೇಳಿ ಬೆರೆಸುವ ಮನೆಗೆ ಇಂಥದ್ದಕ್ಕೆಲ್ಲ ಜಾಗ ಮೊದಲೇ ಇತ್ತು.

ಬೆಂಗಳೂರಿನ ನಮ್ಮ ಮನೆಯಲ್ಲಿ ಎರಡೂ ನಡೆಯುತ್ತದೆ. ಬೆಳಿಗ್ಗೆ ಹೆಂಡತಿ ಮಾಡಿದರೆ ಬೆರೆಸುವ ಟೀ, ಸಂಜೆ ನಾನು ಮಾಡಿದರೆ ಕುದಿಸುವ ಚಹಾ. ಸಂಜೆಯದೇ ಮೇಲು ಅಂತ ನನ್ನ ವಾದ. ಒಂದು ವಿಷಯದಲ್ಲಿ ಮಾತ್ರ ನಾನು ಸೋಲುತ್ತೇನೆ. ಚರಟವನ್ನು ಕುಂಡಕ್ಕೆ ಹಾಕುವಾಗ ನನ್ನದನ್ನು ಎರಡು ಸಲ ತೊಳೆಯಬೇಕು. ಹಾಲು ಸಕ್ಕರೆ ಒಂದು ಚೂರು ಉಳಿದರೂ ಮರುದಿನ ಗುಲಾಬಿ ಗಿಡದ ತುಂಬ ಇರುವೆ. ಅವಳ ಚರಟ ಸೋಸುವ ಜಾಲರಿಯಿಂದ ನೇರ ಗಿಡಕ್ಕೆ ಹೋಗುತ್ತದೆ.